ಮೊರಪ್ಪೂರಿನ ಸೀಮೆಯಲ್ಲಿ ಚಾಂದ್, ಫಸಲಿ ಮತ್ತು ಗಡಿಯಾರ

1784ರ ಯುಗಾದಿಗೆ ಬಾರಾಮಹಲಿನ ರೈತರ ಪಾಲಿಗೆ ಹುಟ್ಟಿದ್ದು ಕ್ರೋಧಿ ಸಂವತ್ಸರ. ಶ್ರೀರಂಗಪಟ್ಟಣದ ಕಾಗದಪತ್ರಗಳಲ್ಲಿ ಅದೇ ವರ್ಷಕ್ಕೆ ಬೇರೊಂದು ಹೆಸರು ಬಿತ್ತು: ಅಜಲ್. ಆದಿಯಿಲ್ಲದ ಅನಂತವನ್ನು ಸೂಫಿಗಳು ಕರೆಯುವುದು ಹಾಗೆ. ಅರಬ್ಬಿ ಅಕ್ಷರಗಳಿಗೆ ಇರುವ ಅಂಕಿಗಳ ಲೆಕ್ಕದಲ್ಲಿ ಅಲಿಫ್ 1, ಜೇ 7, ಲಾಮ್ 30, ಕೂಡಿದರೆ 38. ಪ್ರಭವದಿಂದ ಎಣಿಸಿದರೆ ಕ್ರೋಧಿ ಕೂಡ ಅರವತ್ತರಲ್ಲಿ 38ನೆಯದೇ. ಮುಂದಿನ ವಿಶ್ವಾವಸುವಿಗೆ ಜಲೋ, ಅಂದರೆ 39. ಅದರ ಮುಂದಿನ ಪರಾಭವಕ್ಕೆ ದಲ್ವ್, 40. ಟಿಪ್ಪು ಸುಲ್ತಾನನ ಹೊಸ ಪಂಚಾಂಗದ ಒಡಲು ಶ್ಯಾನುಭೋಗರ ಮನೆಯ ಪಂಚಾಂಗದ್ದು, ಮೇಲೆ ಹೊದ್ದ ಉಡುಪು ಮಾತ್ರ ಪಾರ್ಸಿಯದು.

ಜೋಲಾರಪೇಟೆಯಿಂದ ಸೇಲಮ್ಮಿಗೆ ಹೋಗುವ ರೈಲುದಾರಿಯಲ್ಲಿ ಇಂದು ಸಿಗುವ ಮೊರಪ್ಪೂರು, ಅದರ ಪಡುವಣದ ಧರ್ಮಪುರಿ, ಬಡಗಣ ಕೃಷ್ಣಗಿರಿ, ಬಾರಾಮಹಲಿಗೆ ಸೇರಿದ ಇವೆಲ್ಲ ಆಗ ಮೈಸೂರಿನ ಆಳ್ವಿಕೆಯಲ್ಲಿದ್ದವು. ಕನ್ನಡ, ತಮಿಳು, ತೆಲುಗು ಬೆರೆತ ಸೀಮೆ. ಮೇಲೆ ಕೋಟೆಯ ದಂಡಿನ ಜೊತೆ ಬಂದು ನೆಲೆಸಿದವರ ದಖನಿ ಉರ್ದು ಬೇರೆ. ಇಲ್ಲಿ ನೆಲ ಉಳುವವನಿಗೆ ಬೇಕಾದದ್ದು ಸೂರ್ಯನ ಲೆಕ್ಕ, ರೋಜಾ ಹಿಡಿಯುವವನಿಗೆ ಬೇಕಾದದ್ದು ಚಂದ್ರನ ಲೆಕ್ಕ, ಕಂದಾಯ ಎತ್ತುವ ಅಮಲ್ದಾರನಿಗೆ ಎರಡೂ ಬೇಕು. ಇಸ್ಲಾಮಿನ ಆಧ್ಯಾತ್ಮ ಮತ್ತು ವಿಜ್ಞಾನ ಎಂದ ಕೂಡಲೇ ಬ್ರಹ್ಮಾಂಡದ ಹುಟ್ಟಿನ ಚರ್ಚೆಗೆ ಇಳಿಯುವವರೇ ಹೆಚ್ಚು. ಈ ನಾಡಿನ ಮಟ್ಟಿಗೆ ಇವೆರಡೂ ಮುಖಾಮುಖಿಯಾದದ್ದು ಅಷ್ಟು ಎತ್ತರದಲ್ಲಲ್ಲ. ಇವತ್ತು ತಿಂಗಳ ಎಷ್ಟನೇ ದಿನ, ಈಗ ಹೊತ್ತೆಷ್ಟು, ಮುಖ ಯಾವ ದಿಕ್ಕಿಗೆ ಎಂಬ ಮೂರು ಪ್ರಶ್ನೆಗಳಲ್ಲಿ.

ಹಿಜರಿ ವರ್ಷಕ್ಕೆ ಸುಮಾರು 354 ದಿನ. ಸೌರ ವರ್ಷಕ್ಕಿಂತ ಅದು 11 ದಿನ ಗಿಡ್ಡ. ಅದಕ್ಕೇ ರಮ್ಜಾನು ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಸುತ್ತಿಕೊಂಡು 33 ವರ್ಷಕ್ಕೊಮ್ಮೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಉಪವಾಸದ ಕಷ್ಟ ಎಲ್ಲ ಕಾಲದವರಿಗೂ, ಎಲ್ಲ ದೇಶದವರಿಗೂ ಸಮನಾಗಿ ಹಂಚಿಹೋಗುವ ಏರ್ಪಾಟು ಇದು. ಕಂದಾಯವನ್ನೂ ಇದೇ ಲೆಕ್ಕದಲ್ಲಿ ಎತ್ತಿದರೆ 33 ಬೆಳೆಗೆ 34 ಸಲ ತೆರಿಗೆ ಬೀಳುತ್ತದೆ. ಪಂಚಾಂಗದವರು ಈ ತೊಡಕನ್ನು ಅಧಿಕಮಾಸದಿಂದ ಬಿಡಿಸಿಕೊಂಡರು: 19 ವರ್ಷಕ್ಕೆ ಹೆಚ್ಚುಕಡಿಮೆ 7 ಅಧಿಕಮಾಸ. ಆದರೆ ಇಸ್ಲಾಮಿನಲ್ಲಿ ಆ ಬಾಗಿಲು ಮುಚ್ಚಿದೆ. ಕುರ್‌ಆನಿನ 9ನೇ ಅಧ್ಯಾಯದ 37ನೇ ವಚನ ತಿಂಗಳುಗಳನ್ನು ಹಿಂದೆ ಮುಂದೆ ಸರಿಸುವುದನ್ನು ಕಟುವಾಗಿ ನಿಷೇಧಿಸುತ್ತದೆ.

ಹಾಗಿದ್ದೂ ಟಿಪ್ಪು ತನ್ನ ದಫ್ತರಕ್ಕೆ ಅಧಿಕಮಾಸದ ಪಂಚಾಂಗವನ್ನೇ ಆರಿಸಿಕೊಂಡ. ಚೈತ್ರದ ಜಾಗದಲ್ಲಿ ಅಹ್ಮದಿ, ವೈಶಾಖದ ಜಾಗದಲ್ಲಿ ಬಹಾರಿ, ಹೀಗೆ ಹನ್ನೆರಡು ತಿಂಗಳಿಗೂ ಹೊಸ ಹೆಸರು, ಕೊನೆಯದು ರಬ್ಬಾನಿ. 1787ರಿಂದ ಹಿಜರಿಯನ್ನು ಬದಿಗಿಟ್ಟು ಪೈಗಂಬರರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ತಂದ. ನಾಣ್ಯಗಳ ಮೇಲೆ ಅಂಕಿಯನ್ನೂ ಬಲದಿಂದ ಎಡಕ್ಕೆ ಬರೆಸಿದ್ದರಿಂದ 1215 ಎಂಬುದು ನಮ್ಮ ಕಣ್ಣಿಗೆ 5121 ಎಂದು ಕಾಣುತ್ತದೆ. ರಮ್ಜಾನು, ಮೊಹರಮ್ಮು ಮಾತ್ರ ಹಿಂದಿನಂತೆ ಚಾಂದ್, ಅಂದರೆ ಎಳೆ ಚಂದ್ರನನ್ನು ನೋಡಿಯೇ ನಡೆದವು. ದೇವರ ತಿಂಗಳು ದೇವರಿಗೆ, ಸರ್ಕಾರದ ತಿಂಗಳು ಸರ್ಕಾರಕ್ಕೆ. ಇದನ್ನು ಮತಭ್ರಷ್ಟತೆ ಎಂದವರು ಆಗ ಇದ್ದರೋ ಇಲ್ಲವೋ, ಆಡಳಿತವಂತೂ ಅದರಲ್ಲೇ ನಡೆಯಿತು. ಹೆಸರು ಬದಲಿಸಿದ ಹುರುಪಿನಲ್ಲಿ ಟಿಪ್ಪುವಿನ ಹಟ ಎಷ್ಟಿತ್ತೋ, ಒಳಗಿನ ಗಣಿತವನ್ನು ಮುಟ್ಟದೆ ಬಿಟ್ಟುದರಲ್ಲಿ ವಿವೇಕವೂ ಅಷ್ಟೇ ಇತ್ತು.

ಅವನ ನಾಣ್ಯಗಳನ್ನು ಒಂದೊಂದಾಗಿ ಅಂಗೈಯಲ್ಲಿಟ್ಟು ನೋಡಿದರೆ ಆ ತಲೆಯೊಳಗಿನ ವಿಂಗಡಣೆ ಇನ್ನೂ ಸ್ಪಷ್ಟ. ಚಿನ್ನದವಕ್ಕೆ ಪೈಗಂಬರರ ಮತ್ತು ಮೊದಲ ಖಲೀಫರ ಹೆಸರು: ಅಹ್ಮದಿ, ಸಿದ್ದಿಖಿ, ಫಾರೂಖಿ. ಬೆಳ್ಳಿಯವಕ್ಕೆ ಹೆಚ್ಚಾಗಿ ಇಮಾಮರ ಹೆಸರು: ಹೈದರಿ, ಇಮಾಮಿ, ಆಬಿದಿ, ಬಾಖಿರಿ, ಜಾಫರಿ, ಕಾಜಿಮಿ. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡುವ ತಾಮ್ರದ ಕಾಸಿಗೆ ಬಂದಾಗ ಹೆಸರುಗಳು ಆಕಾಶಕ್ಕೆ ಏರುತ್ತವೆ. ಎರಡು ಪೈಸೆ ಮುಷ್ತರಿ, ಅಂದರೆ ಗುರು. ಒಂದು ಪೈಸೆ ಜೊಹ್ರಾ, ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ಬರೀ ನಕ್ಷತ್ರ. ಅದರಲ್ಲೂ ಅರ್ಧ ಕುತ್ಬ್, ಧ್ರುವ. ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ಟಂಕಸಾಲೆಯ ಹೆಸರು ಮತ್ತು ಗ್ರಹದ ಹೆಸರು. ಸೂಫಿಗಳ ಮಾತಿನಲ್ಲಿ ಕುತ್ಬ್ ಎಂದರೆ ಕಾಲದ ಅಚ್ಚಿನಂತಿರುವ ಪರಮ ಸಂತ. ಟಿಪ್ಪುವಿನ ರಾಜ್ಯದಲ್ಲಿ ಅದು ಎಲ್ಲಕ್ಕಿಂತ ಚಿಕ್ಕ ಚಿಲ್ಲರೆ.

ಅವನಿಗೆ ಟಿಪ್ಪು ಎಂಬ ಹೆಸರು ಬಂದದ್ದೂ ಒಬ್ಬ ಸೂಫಿಯಿಂದಲೇ, ಆರ್ಕಾಟಿನ ದರ್ಗಾದ ಟಿಪ್ಪು ಮಸ್ತಾನ್ ಔಲಿಯಾರಿಂದ. ಫ್ರೆಂಚರಿಗೆ ಪತ್ರ ಬರೆದು ಬೆರೋಮೀಟರ್, ಥರ್ಮಾಮೀಟರ್ ತರಿಸಿಕೊಳ್ಳಲು ಹಾತೊರೆಯುತ್ತಿದ್ದ ಮನುಷ್ಯನೇ ರಾತ್ರಿ ಕಂಡ ಕನಸುಗಳನ್ನು ತನ್ನ ಕೈಯಾರೆ ಪಾರ್ಸಿಯಲ್ಲಿ ಬರೆದಿಡುತ್ತಿದ್ದ. ಆ ಕನಸಿನ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿರುವ 37 ಕನಸುಗಳ ತಾರೀಖುಗಳಲ್ಲೂ ಅವನ ಹೊಸ ಪಂಚಾಂಗದ ತಿಂಗಳುಗಳೇ ಕಾಣುತ್ತವೆ. ಬೆರೋಮೀಟರು ಒಂದು ಬುದ್ಧಿಯದು, ಕನಸು ಇನ್ನೊಂದು ಬುದ್ಧಿಯದು ಎಂದು ವಿಂಗಡಿಸಿಡುವ ಅಭ್ಯಾಸ ನಮ್ಮದು, ಅವನದಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸಿಕ್ಕ ಪುಸ್ತಕಗಳು ಸುಮಾರು 2000 ಸಂಪುಟ. ಚಾರ್ಲ್ಸ್ ಸ್ಟುವರ್ಟ್ ಅವನ್ನು ವಿಂಗಡಿಸಿ 1809ರಲ್ಲಿ ಪಟ್ಟಿಯನ್ನು ಅಚ್ಚು ಹಾಕಿಸಿದ. ಆ ಪಟ್ಟಿಯಲ್ಲಿ ಸೂಫಿ ಗ್ರಂಥಗಳು 115, ಧರ್ಮಶಾಸ್ತ್ರ 95, ವೈದ್ಯ 62, ತತ್ವಶಾಸ್ತ್ರ 54, ಖಗೋಳ 20, ಗಣಿತ 7. ಕಾವ್ಯ ಎಲ್ಲವನ್ನೂ ಮೀರಿಸಿದೆ, 190. ಇವುಗಳಲ್ಲಿ ದುಡ್ಡು ಕೊಟ್ಟು ಕೊಂಡದ್ದು ತೀರ ಕಡಿಮೆ. ಸವಣೂರು, ಕಡಪ, ಕರ್ನಾಟಿಕ್ ಸೀಮೆಗಳ ನವಾಬರ ಮನೆಗಳಿಂದ ಲೂಟಿಯಾಗಿ ಬಂದವೇ ಬಹುಪಾಲು. ಹಾಗಾಗಿ ಪಟ್ಟಿ ಹೇಳುವುದು ಒಬ್ಬ ಸುಲ್ತಾನನ ಅಭಿರುಚಿಯನ್ನಲ್ಲ, ಎರಡು ಮೂರು ಶತಮಾನಗಳ ಕಾಲ ದಖನ್ನಿನ ಓದುಬಲ್ಲ ಮನೆಗಳಲ್ಲಿ ಏನೇನು ಒಟ್ಟಿಗೆ ಇರುತ್ತಿತ್ತು ಎಂಬುದನ್ನು. ಸೂಫಿ ಪುಸ್ತಕಗಳು ಖಗೋಳದವಕ್ಕಿಂತ ಆರು ಪಟ್ಟಿನಷ್ಟಿದ್ದವು ಎಂಬುದನ್ನೂ ಮುಚ್ಚಿಡಬೇಕಿಲ್ಲ.

ಈ ಸಹವಾಸದಲ್ಲಿ ಜಗಳವೇ ಇರಲಿಲ್ಲವೆಂದಲ್ಲ. ಇತ್ತು, ಅದೂ ಕನ್ನಡ ನೆಲದಲ್ಲೇ. ಕಲಬುರಗಿಯ ಬಹಮನಿ ಸುಲ್ತಾನ ಫಿರೋಜ್ ಷಾ 1397ರಲ್ಲಿ ಪಟ್ಟಕ್ಕೆ ಬಂದ. ವಾರದಲ್ಲಿ ಮೂರು ದಿನ ತಾನೇ ಪಾಠ ಹೇಳುತ್ತಿದ್ದ, ಅದರಲ್ಲಿ ಯೂಕ್ಲಿಡನ ರೇಖಾಗಣಿತವೂ ಇತ್ತು ಎಂದು ಚರಿತ್ರಕಾರ ಫಿರಿಷ್ತಾ ಬರೆದಿದ್ದಾನೆ. 1407ರಲ್ಲಿ ದೌಲತಾಬಾದಿನ ಬಳಿಯ ಘಟ್ಟದ ಮೇಲೆ ಒಂದು ವೀಕ್ಷಣಾಲಯ ಕಟ್ಟಲು ಅಪ್ಪಣೆ ಮಾಡಿದ. ಸಮರ್ಖಂದದಲ್ಲಿ ಉಲುಗ್ ಬೇಗ್ ತನ್ನ ಪ್ರಸಿದ್ಧ ವೀಕ್ಷಣಾಲಯ ಕಟ್ಟಿಸುವುದಕ್ಕೆ ಇನ್ನೂ ಹತ್ತು ಹದಿನೈದು ವರ್ಷ ಬಾಕಿ ಇತ್ತು.

ಇದೇ ಫಿರೋಜನ ಊರಿಗೆ 1400ರ ಸುಮಾರಿಗೆ ದೆಹಲಿಯಿಂದ ಬಂದವರು ಚಿಶ್ತಿ ಸಂತ ಸೈಯದ್ ಮುಹಮ್ಮದ್ ಗೇಸೂದರಾಜ್, ಜನರ ಬಾಯಲ್ಲಿ ಬಂದೇ ನವಾಜ್. ಆಗಲೇ ಎಂಬತ್ತರ ಆಸುಪಾಸಿನ ವಯಸ್ಸು. ಸುಲ್ತಾನ ಮೊದಲು ಎದುರುಗೊಂಡು ಸತ್ಕರಿಸಿದ, ಆಮೇಲೆ ಮನಸ್ಸು ತಣ್ಣಗಾಯಿತು. ಹೊರಗಿನ ವಿದ್ಯೆಗಳಲ್ಲಿ, ಅಂದರೆ ತರ್ಕ ಗಣಿತಗಳಲ್ಲಿ, ಈ ಹಿರಿಯರಿಗೆ ಸಾಲದು ಎಂದು ಅವನಿಗೆ ಅನಿಸಿತಂತೆ. ಸುಲ್ತಾನನ ತಮ್ಮ ಅಹ್ಮದನೋ ಸಂತರ ಪಾದವನ್ನೇ ನಂಬಿದವನು. ಕೋಟೆಯ ಪಕ್ಕದಲ್ಲಿದ್ದ ಸಂತರ ಖಾನ್ಕಾದ, ಅಂದರೆ ಸೂಫಿ ಮಠದ, ಜನಜಂಗುಳಿ ನೆಪವಾಗಿ ಅದನ್ನು ಊರಾಚೆಗೆ ಕಳಿಸಲಾಯಿತು. ಇಂದಿನ ದರ್ಗಾ ಇರುವುದು ಅಲ್ಲೇ. 1422ರಲ್ಲಿ ಅಹ್ಮದ್ ಅಣ್ಣನನ್ನು ಇಳಿಸಿ ಪಟ್ಟವೇರಿದ. ಕೆಲವೇ ದಿನಗಳಲ್ಲಿ ಫಿರೋಜ್ ತೀರಿಕೊಂಡ. ಅದೇ ವರ್ಷ ಬಂದೇ ನವಾಜರೂ ತೀರಿಕೊಂಡರು.

ವಿಜ್ಞಾನಿ ರಾಜನನ್ನು ಸೂಫಿಗಳು ಕೆಡವಿದರು ಎಂಬ ಕಥೆ ಕಟ್ಟಲು ಇಷ್ಟು ಸಾಕು. ಕಥೆ ಚೆನ್ನಾಗಿಯೂ ಇರುತ್ತದೆ. ಆದರೆ ದೌಲತಾಬಾದಿನ ವೀಕ್ಷಣಾಲಯ ನಿಂತುಹೋದದ್ದು ಯಾವ ಫತ್ವಾದಿಂದಲೂ ಅಲ್ಲ. ಅದರ ಹೊಣೆ ಹೊತ್ತಿದ್ದ ಖಗೋಳ ಪಂಡಿತ ಹಕೀಮ್ ಹಸನ್ ಗೀಲಾನಿ ಸತ್ತ, ಮುಂದುವರಿಸುವವರಿಲ್ಲದೆ ಕೆಲಸ ಅರ್ಧಕ್ಕೆ ನಿಂತಿತು. ಒಬ್ಬ ಪಂಡಿತನ ಉಸಿರಿಗೆ ಒಂದು ಶಾಸ್ತ್ರವನ್ನೇ ಕಟ್ಟಿಹಾಕಿದ್ದು ಆ ಕಾಲದ ರಾಜಾಶ್ರಯದ ದೌರ್ಬಲ್ಯ. ತಲೆಮಾರಿನಿಂದ ತಲೆಮಾರಿಗೆ ದಾಟುವ ಸಂಸ್ಥೆ ಸೂಫಿಗಳಿಗಿತ್ತು, ಖಗೋಳದವರಿಗೆ ಇರಲಿಲ್ಲ.

ತಮ್ಮ ಅಹ್ಮದ್ ಷಾ ಬರಗಾಲದಲ್ಲಿ ಗುಡ್ಡ ಹತ್ತಿ ಪ್ರಾರ್ಥಿಸಿದ, ಮಳೆ ಸುರಿಯಿತು, ಜನ ಅವನನ್ನು ವಲಿ ಎಂದು ಕರೆದರು. ಬೀದರಿನ ಪಕ್ಕ ಅಷ್ಟೂರಿನಲ್ಲಿ ಅವನ ಗೋರಿ ಇದೆ, ಗುಮ್ಮಟದ ಒಳಮೈ ತುಂಬ ಬಣ್ಣ ಮತ್ತು ಚಿನ್ನದ ಬರಹ. ಅಲ್ಲಿನ ಉರುಸು ನಡೆಯುವುದು ಹಿಜರಿ ತಾರೀಖಿಗಲ್ಲ, ಹೋಳಿ ಕಳೆದ ಮೇಲೆ ಹಿಂದೂ ಪಂಚಾಂಗದ ತಿಥಿಗೆ. ಕಲಬುರಗಿ ಕಡೆಯ ಮಡಿಯಾಳದಿಂದ ಜಂಗಮರು ಶಂಖ ಊದಿಕೊಂಡು ಬರುತ್ತಾರೆ. ಮೂರೂವರೆ ಶತಮಾನದ ಬಳಿಕ ಟಿಪ್ಪು ಕಾಗದದ ಮೇಲೆ ಮಾಡಿದ್ದನ್ನು ಅಷ್ಟೂರಿನ ಜನ ಯಾವ ಫರ್ಮಾನೂ ಇಲ್ಲದೆ ಮಾಡಿಕೊಂಡಿದ್ದಾರೆ.

ಇತ್ತ ಬಾರಾಮಹಲಿನಲ್ಲಿ ಹೊಸ ಪಂಚಾಂಗದ ಬಾಳು ಎಂಟೇ ವರ್ಷ. 1792ರ ಮಾರ್ಚಿನಲ್ಲಿ ಆದ ಶ್ರೀರಂಗಪಟ್ಟಣದ ಒಪ್ಪಂದದಂತೆ ಈ ಸೀಮೆ ಕಂಪನಿಯ ಪಾಲಾಯಿತು. ಅಲೆಗ್ಸಾಂಡರ್ ರೀಡ್ ಕಲೆಕ್ಟರಾಗಿ ಬಂದ, ಅವನ ಸಹಾಯಕನಾಗಿ ತಾಮಸ್ ಮನ್ರೋ ಧರ್ಮಪುರಿಯಲ್ಲಿ ನಿಂತು ಹೊಲ ಹೊಲ ಅಳೆದು ರೈತವಾರಿ ಪದ್ಧತಿಯ ಬುನಾದಿ ಹಾಕಿದ. ಅದೇ 1792ರಲ್ಲಿ ಮದರಾಸಿನ ನುಂಗಂಬಾಕ್ಕಂನಲ್ಲಿ ಕಂಪನಿಯ ವೀಕ್ಷಣಾಲಯ ಎದ್ದಿತು. ಅಲ್ಲಿ ನಿಲ್ಲಿಸಿದ ಕಲ್ಲುಕಂಬದ ಮೇಲೆ, ಏಷ್ಯಾದಲ್ಲಿ ಗಣಿತಶಾಸ್ತ್ರಗಳನ್ನು ಮೊದಲಿಗೆ ನೆಟ್ಟದ್ದು ಬ್ರಿಟಿಷರ ಔದಾರ್ಯ ಎಂಬರ್ಥದ ಬರಹ ಕೆತ್ತಿಸಿದರು, ಸಾವಿರ ವರ್ಷದ ನಂತರದವರಿಗೂ ತಿಳಿಯಲಿ ಎಂದು. ಅಲ್ ಖ್ವಾರಿಜ್ಮಿ, ಬೀರೂನಿ, ಆರ್ಯಭಟ, ಭಾಸ್ಕರ ಎಲ್ಲ ಯಾವ ಖಂಡದವರು ಎಂದು ಕಂಬಕ್ಕೆ ಕೇಳುವಂತಿಲ್ಲ. ಕಂಬ ಈಗಲೂ ಇದೆ.

ಕಂಬದ ಬಡಾಯಿ ಏನೇ ಇರಲಿ, ವೀಕ್ಷಣಾಲಯದ ಕೆಲಸ ಗಟ್ಟಿಯಾದದ್ದು. ಅಲ್ಲಿ ನೌಕರಿ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಆರ್ ರೆಟಿಕ್ಯುಲೈ ಎಂಬ ಹೊಳಪು ಬದಲಿಸುವ ನಕ್ಷತ್ರವನ್ನು ಗುರುತಿಸಿದ. 1874ರ ಡಿಸೆಂಬರ್ 9ರಂದು ಶುಕ್ರ ಸೂರ್ಯಬಿಂಬದ ಮೇಲೆ ಹಾದುಹೋಗುವುದನ್ನು ಜನಕ್ಕೆ ವಿವರಿಸಲು ಒಂದು ಪುಸ್ತಿಕೆ ಬರೆದ. ಅದು ಇಂಗ್ಲಿಷಿನಲ್ಲಷ್ಟೇ ಅಲ್ಲ, ಕನ್ನಡದಲ್ಲೂ ಉರ್ದುವಿನಲ್ಲೂ ಬಂತು. ತಾಮ್ರದ ಪೈಸೆಗೆ ಜೊಹ್ರಾ ಎಂದು ಹೆಸರಿಟ್ಟುಕೊಂಡಿದ್ದ ಸೀಮೆಯ ಉರ್ದು ಓದುಗನಿಗೆ ಜೊಹ್ರಾ ಈಗ ಸೂರ್ಯನ ದೂರ ಅಳೆಯುವ ಸಾಧನವಾಗಿ ಕಂಡಿತು. ಇದೇ ರಘುನಾಥಾಚಾರಿ ಹಳೆಯ ವಾಕ್ಯ ಪಂಚಾಂಗಕ್ಕೂ ಆಕಾಶದಲ್ಲಿ ಕಾಣುವುದಕ್ಕೂ ತಾಳೆಯಾಗುತ್ತಿಲ್ಲ, ಗಣಿತವನ್ನು ತಿದ್ದಬೇಕು ಎಂದು ಹಟ ಹಿಡಿದು ದೃಗ್ಗಣಿತ ಪಂಚಾಂಗ ಹೊರಡಿಸಿದ. ವೈದಿಕರ ವಲಯದಲ್ಲಿ ಅದಕ್ಕೆ ಎದುರಾದ ವಿರೋಧ ಸಣ್ಣದಲ್ಲ. ಹಬ್ಬದ ದಿನವನ್ನು ಗೊತ್ತುಮಾಡುವವರು ಯಾರು ಎಂಬ ಜಗಳ ಮುಸಲ್ಮಾನರ ಸ್ವತ್ತೇನೂ ಅಲ್ಲ.

ಮದರಾಸಿನ ಈ ವೀಕ್ಷಣಾಲಯವೇ ಮುಂದೆ ಮೊರಪ್ಪೂರಿಗೆ ಗಂಟೆ ಕಳಿಸಿದ್ದು. ರೈಲುಗಳು ಓಡುತ್ತಿದ್ದುದು ಮದರಾಸು ಟೈಮಿನಲ್ಲಿ, ಗ್ರೀನ್‌ವಿಚ್‌ಗಿಂತ 5 ಗಂಟೆ 21 ನಿಮಿಷ ಮುಂದೆ. ಮೊರಪ್ಪೂರು ಮದರಾಸಿಗಿಂತ ಪಡುವಣಕ್ಕಿರುವುದರಿಂದ ಇಲ್ಲಿನ ಸೂರ್ಯನಿಗಿಂತ ಸ್ಟೇಷನ್ನಿನ ಗಡಿಯಾರ ಏಳೆಂಟು ನಿಮಿಷ ಮುಂದಿತ್ತು. 1906ರ ಹೊಸ ವರ್ಷದಿಂದ ಭಾರತೀಯ ಪ್ರಮಾಣ ಕಾಲ ಬಂತು. ಗಡಿಯಾರ ಇನ್ನೂ ಸುಮಾರು 9 ನಿಮಿಷ ಮುಂದಕ್ಕೆ ಹಾರಿತು. ಅದೇ ವರ್ಷ ಮೊರಪ್ಪೂರಿನಿಂದ ಧರ್ಮಪುರಿಗೆ ಚಿಕ್ಕ ರೈಲು ಶುರುವಾಯಿತು. 1913ರಲ್ಲಿ ಅದು ಹೊಸೂರಿನವರೆಗೆ ಹೋಯಿತು, 1941ರಲ್ಲಿ ಯುದ್ಧಕಾಲದಲ್ಲಿ ಮುಚ್ಚಿತು. ರೈಲು ಹೋಯಿತು, ಅದರ ಟೈಮು ಉಳಿಯಿತು.

ನಮಾಜಿನ ಹೊತ್ತು ಮಾತ್ರ ಈ ಟೈಮಿಗೆ ಜಗ್ಗಲಿಲ್ಲ. ಜುಹರ್ ಶುರುವಾಗುವುದು ಸೂರ್ಯ ನಡುನೆತ್ತಿ ದಾಟಿದ ಕ್ಷಣಕ್ಕೆ. ಮೊರಪ್ಪೂರಿನಲ್ಲಿ ಅದು ಸರಾಸರಿ 12 ಗಂಟೆ 16 ನಿಮಿಷಕ್ಕೆ. ನವೆಂಬರಿನ ಮೊದಲ ವಾರದಲ್ಲಿ ಹೆಚ್ಚುಕಡಿಮೆ ಸರಿಯಾಗಿ 12ಕ್ಕೇ, ಫೆಬ್ರವರಿ ನಡುವೆ 12:30ಕ್ಕೆ. ಅಸರ್ ನಮಾಜಿಗೆ ನೆರಳಿನ ಅಳತೆ. ನೆಟ್ಟ ಕೋಲಿನ ನಡುಹಗಲ ನೆರಳಿಗೆ ಕೋಲಿನಷ್ಟೇ ಉದ್ದ ಕೂಡಿದಾಗ ಅಸರ್ ಎನ್ನುವುದು ಶಾಫಿ ಪಂಥ, ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು ಅನುಸರಿಸುವುದು ಇದನ್ನು. ಎರಡು ಕೋಲಿನಷ್ಟು ಕೂಡಬೇಕು ಎನ್ನುವುದು ಹನಫಿ ಪಂಥ, ಒಳನಾಡಿನ ಉರ್ದು ಮುಸಲ್ಮಾನರಲ್ಲಿ ಬಹುಪಾಲು ಅದರವರು. ಮೊರಪ್ಪೂರು ಇರುವುದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ 22ರ ಸುಮಾರಿಗೊಮ್ಮೆ, ಆಗಸ್ಟ್ 20ರ ಸುಮಾರಿಗೊಮ್ಮೆ ಸೂರ್ಯ ನೇರ ನೆತ್ತಿಗೆ ಬರುತ್ತಾನೆ, ಕೋಲಿಗೆ ನೆರಳೇ ಇರುವುದಿಲ್ಲ. ಆ ದಿನ ಕೂಡಬೇಕಾದ ಮೂಲ ನೆರಳು ಸೊನ್ನೆ.

ಇಷ್ಟೆಲ್ಲ ಲೆಕ್ಕವನ್ನು ಈಗ ಮಸೀದಿಯ ಗೋಡೆಯ ಮೇಲಿನ ವೇಳಾಪಟ್ಟಿ ಮಾಡಿಟ್ಟಿರುತ್ತದೆ. ಅದನ್ನು ಮಾಡುವುದೇ ಹಿಂದೆ ಒಂದು ಹುದ್ದೆಯಾಗಿತ್ತು. 14ನೇ ಶತಮಾನದಲ್ಲಿ ಡಮಾಸ್ಕಸ್ಸಿನ ದೊಡ್ಡ ಮಸೀದಿಯ ಕಾಲಗಣಕನಾಗಿದ್ದ ಇಬ್ನ್ ಅಲ್ ಶಾತಿರ್ ಬರೆದ ಚಂದ್ರನ ಚಲನೆಯ ಮಾದರಿ ಮುಂದೆ ಕೊಪರ್ನಿಕಸನ ಮಾದರಿಯನ್ನು ಹೋಲುವಷ್ಟು ಮುಂದುವರಿದಿತ್ತು. ಆತ ಸಂಬಳ ಪಡೆಯುತ್ತಿದ್ದುದು ಅಜಾನಿನ ಹೊತ್ತು ಹೇಳುವುದಕ್ಕೆ.

ವೇಳಾಪಟ್ಟಿಯನ್ನು ಎಲ್ಲರೂ ಒಪ್ಪಿಕೊಂಡರು, ಚಾಂದ್ ವಿಷಯದಲ್ಲಿ ಮಾತ್ರ ಒಪ್ಪಂದ ಆಗಲಿಲ್ಲ. ಸೂರ್ಯನನ್ನು ನೋಡದೆ ಗಡಿಯಾರ ನೋಡಿ ನಮಾಜು ಮಾಡಬಹುದಾದರೆ ಚಂದ್ರನನ್ನು ನೋಡದೆ ಗಣಿತ ನೋಡಿ ಈದ್ ಮಾಡಬಾರದೇಕೆ? ಉಲೇಮಾಗಳು ಹೇಳುವ ಕಾರಣ, ತಿಂಗಳಿನ ವಿಷಯದಲ್ಲಿ ಕಣ್ಣಾರೆ ಕಾಣುವುದನ್ನೇ ಹದೀಸು ಹೇಳಿದೆ ಎಂಬುದು. ಖಗೋಳದವರ ಕಷ್ಟ ಬೇರೆ. ಅಮಾವಾಸ್ಯೆಯ ಕ್ಷಣವನ್ನು ಅವರು ಸೆಕೆಂಡಿನ ಮಟ್ಟಿಗೆ ಹೇಳಬಲ್ಲರು. ಆದರೆ ಬಿದಿಗೆಯ ಎಳೆ ಕಣ್ಣಿಗೆ ಬೀಳಲು ಆ ಬಳಿಕ ಸಾಮಾನ್ಯವಾಗಿ ಹದಿನೈದು ಗಂಟೆಗಿಂತ ಹೆಚ್ಚೇ ಆಗಬೇಕು, ಸೂರ್ಯನಿಂದ ಚಂದ್ರ ಕನಿಷ್ಠ 7 ಡಿಗ್ರಿಯಷ್ಟಾದರೂ ದೂರ ಸರಿದಿರಬೇಕು. ಅದರ ಮೇಲೆ ಮೋಡ, ಧೂಳು, ನೋಡುವವನ ಕಣ್ಣು. ‘ಇವತ್ತು ಕಾಣುವುದು ಅಸಾಧ್ಯ’ ಎಂದು ವಿಜ್ಞಾನ ಖಚಿತವಾಗಿ ಹೇಳಬಲ್ಲದು. ‘ಕಂಡೇ ಕಾಣುತ್ತದೆ’ ಎಂದು ಅಷ್ಟು ಖಚಿತವಾಗಿ ಹೇಳಲಾರದು.

19ನೇ ಶತಮಾನದಲ್ಲಿ ತಂತಿ ಬಂದಾಗ ಈ ವ್ಯಾಜ್ಯಕ್ಕೆ ಹೊಸ ಕಕ್ಷಿದಾರ ಸೇರಿಕೊಂಡ. ಒಂದೂರಿನ ಚಾಂದ್ ಇನ್ನೊಂದೂರಿಗೆ ತಂತಿಯಲ್ಲಿ ಬಂದರೆ ನಂಬಬಹುದೇ? ಬರೇಲಿಯ ಅಹ್ಮದ್ ರಜಾ ಖಾನರು ಬೇಡ ಎಂದು ಒಂದು ಗ್ರಂಥವನ್ನೇ ಬರೆದರು. ಅವರ ತಕರಾರು ವಿದ್ಯುತ್ತಿನ ಮೇಲಲ್ಲ, ಸಾಕ್ಷಿಯ ಮೇಲೆ. ತಂತಿಯ ಆಚೆ ತುದಿಯಲ್ಲಿ ಕೂತವನು ಯಾರು, ಸತ್ಯವಂತನೇ ಎಂದು ಖಾಜಿ ಹೇಗೆ ವಿಚಾರಿಸಬೇಕು? ನ್ಯಾಯಾಲಯದಲ್ಲಿ ಕೇಳಿದರೂ ತಪ್ಪಿಲ್ಲದ ಪ್ರಶ್ನೆ. ಇದೇ ವಿದ್ವಾಂಸರು ನಮಾಜಿನ ಹೊತ್ತಿನ ಗಣಿತದಲ್ಲಿ ಪಳಗಿದವರು. ಇವರೇ 1919ರ ಸುಮಾರಿಗೆ ಭೂಮಿ ತಿರುಗುವುದಿಲ್ಲ ಎಂದು ವಾದಿಸುವ ಪುಸ್ತಕವನ್ನೂ ಬರೆದರು. ಅಲೀಗಢದ ಸರ್ ಸೈಯದ್ ಅಹ್ಮದ್ ಖಾನರೂ 1848ರಲ್ಲಿ ಅಂಥದೇ ಪುಸ್ತಿಕೆ ಬರೆದಿದ್ದರು, ಮುಂದೆ ಓದಿ ತಿಳಿದು ಆ ನಿಲುವನ್ನು ಕೈಬಿಟ್ಟರು. ಇಬ್ಬರಲ್ಲಿ ಯಾರ ದಾರಿ ಮೇಲು ಎಂದು ಬಿಡಿಸಿ ಹೇಳಬೇಕಿಲ್ಲ.

ಇಂದಿಗೂ ಕರ್ನಾಟಕದಲ್ಲಿ ಹಲವು ವರ್ಷ ಈದ್ ಎರಡು ದಿನ. ಕೇರಳದ ಕಡಲತಡಿಯಲ್ಲಿ ಚಾಂದ್ ಕಂಡಿತು ಎಂದರೆ ದಕ್ಷಿಣ ಕನ್ನಡ, ಉಡುಪಿಯವರು ಮರುದಿನವೇ ಹಬ್ಬ ಮಾಡುತ್ತಾರೆ. ಬೆಂಗಳೂರಿನ ಚಾಂದ್ ಸಮಿತಿ ಅದನ್ನು ಒಪ್ಪದಿದ್ದರೆ ಒಳನಾಡಿಗೆ ಇನ್ನೊಂದು ರೋಜಾ. ಪಡುವಣಕ್ಕೆ ಹೋದಷ್ಟೂ ಚಂದ್ರನಿಗೆ ವಯಸ್ಸಾಗುವುದು ನಿಜ, ಕಡಲಿನ ದಿಗಂತ ತೆರೆದಿರುವುದೂ ನಿಜ. ಆದರೆ ಮಂಗಳೂರಿಗೂ ಮೊರಪ್ಪೂರಿಗೂ ಸೂರ್ಯಾಸ್ತದ ಅಂತರ ಸುಮಾರು 14 ನಿಮಿಷ. ಈ 14 ನಿಮಿಷವನ್ನು 24 ಗಂಟೆ ಮಾಡುವುದು ಆಕಾಶವಲ್ಲ, ಯಾರ ಸಾಕ್ಷ್ಯವನ್ನು ಯಾರು ಒಪ್ಪಬೇಕು ಎಂಬ ನೆಲದ ಕಾನೂನು. ತುರ್ಕಿ ಗಣಿತವನ್ನೇ ಒಪ್ಪಿಕೊಂಡಿದೆ, ಉತ್ತರ ಅಮೆರಿಕದ ಫಿಖ್ಹ್ ಕೌನ್ಸಿಲ್ 2006ರಿಂದ ಅದೇ ದಾರಿ ಹಿಡಿದಿದೆ. ಭಾರತದ ಬಹುತೇಕ ಸಮಿತಿಗಳು ಕಣ್ಣಿನ ಸಾಕ್ಷ್ಯವನ್ನು ಬಿಟ್ಟಿಲ್ಲ. ಕಾಣುವುದು ಅಸಾಧ್ಯವೆಂದು ಗಣಿತ ಹೇಳುವ ಸಂಜೆ ‘ಕಂಡೆ’ ಎಂದು ಬರುವ ಸಾಕ್ಷಿಯನ್ನಾದರೂ ತಿರಸ್ಕರಿಸುವ ನಿಯಮ ಮಾಡಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ. ಅದಕ್ಕೆ ಯಾವ ಹದೀಸೂ ಅಡ್ಡ ಬರುವುದಿಲ್ಲ.

ಗಣಿತವನ್ನು ಒಪ್ಪದವರದು ಒಂದು ತುದಿಯಾದರೆ ಇನ್ನೊಂದು ತುದಿಯೂ ಇದೆ. ಫ್ರೆಂಚ್ ವೈದ್ಯ ಮಾರಿಸ್ ಬುಕೈ 1976ರಲ್ಲಿ ಕುರ್‌ಆನ್ ಮತ್ತು ವಿಜ್ಞಾನದ ಬಗ್ಗೆ ಪುಸ್ತಕ ಬರೆದ ಮೇಲೆ, ಎಲ್ಲ ಆವಿಷ್ಕಾರವೂ ಗ್ರಂಥದಲ್ಲಿ ಮೊದಲೇ ಇತ್ತು ಎನ್ನುವ ಸಾಹಿತ್ಯದ ಸುಗ್ಗಿಯೇ ಆಯಿತು. ನಮ್ಮಲ್ಲಿ ವೇದದೊಳಗೆ ವಿಮಾನ ಹುಡುಕುವವರಿಗೆ ಇವರು ಹತ್ತಿರದ ನೆಂಟರು. ಇಂಥವರ ಕೈಯಲ್ಲಿ ಇಬ್ನ್ ಅಲ್ ಶಾತಿರನಂಥವನ ದುಡಿಮೆಗೆ ಬೆಲೆಯೇ ಉಳಿಯುವುದಿಲ್ಲ. ಎಲ್ಲವೂ ಮೊದಲೇ ಬರೆದಿದ್ದರೆ ಆತ ರಾತ್ರಿಯೆಲ್ಲ ಎಚ್ಚರವಿದ್ದು ಅಳೆಯಬೇಕಾದ್ದೇನಿತ್ತು? ಭಕ್ತಿ ವಿಜ್ಞಾನಕ್ಕೆ ಕೊಟ್ಟದ್ದು ಉತ್ತರಗಳನ್ನಲ್ಲ, ದಿನಕ್ಕೆ ಐದು ಸಲ ಕೇಳಲೇಬೇಕಾದ ಪ್ರಶ್ನೆಗಳನ್ನು.

ಟಿಪ್ಪುವಿನ ಮೌಲೂದಿ ಅವನೊಂದಿಗೇ ಹೋಯಿತು. ಆದರೆ ಹಿಜರಿಯನ್ನು ಸೂರ್ಯನಿಗೆ ಕಟ್ಟುವ ಇನ್ನೊಂದು ಉಪಾಯ ಧರ್ಮಪುರಿ ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ ಇಂದಿಗೂ ಬದುಕಿದೆ. ಅದು ಫಸಲಿ. ಅಕ್ಬರನ ಕಾಲದಲ್ಲಿ ಹುಟ್ಟಿ, ಷಹಜಹಾನನ ಕಾಲದಲ್ಲಿ ದಖನ್ನಿಗೆ ಬಂದ ಶಕೆ. ಹಿಜರಿಯ ಸಂಖ್ಯೆಯನ್ನು ಒಂದು ವರ್ಷದಲ್ಲಿ ಹಿಡಿದು ನಿಲ್ಲಿಸಿ ಅಲ್ಲಿಂದ ಮುಂದಕ್ಕೆ ಸೌರ ವರ್ಷಗಳಲ್ಲಿ ಎಣಿಸಿದರು. ತಮಿಳುನಾಡಿನಲ್ಲಿ ಅದು ಜುಲೈ 1ಕ್ಕೆ ಶುರು, 2024ರ ಜುಲೈಗೆ ಫಸಲಿ 1434. ವರ್ಷವರ್ಷದ ಜಮಾಬಂದಿ ನಡೆಯುವುದು ಈ ಲೆಕ್ಕದಲ್ಲೇ. ಪಹಣಿಗಾಗಿ ಸಾಲಿನಲ್ಲಿ ನಿಂತ ಮೊರಪ್ಪೂರಿನ ಗೌಂಡರ ರೈತ ತನ್ನ ಕಾಗದದ ಮೇಲಿರುವುದು ಹಿಜರಿಯ ಮೊಮ್ಮಗ ಎಂದು ಯೋಚಿಸುವುದಿಲ್ಲ, ಯೋಚಿಸಬೇಕಾದ ಅಗತ್ಯವೂ ಇಲ್ಲ.

ಉಳಿದದ್ದು ಮೂರನೆಯ ಪ್ರಶ್ನೆ, ದಿಕ್ಕು. ದಖನ್ನಿನ ಹಳೆಯ ಮಸೀದಿಗಳಲ್ಲಿ ಹಲವು ನೇರ ಪಡುವಣಕ್ಕೆ ಮುಖಮಾಡಿವೆ. ಗೋಳದ ಮೇಲಿನ ಗಣಿತದಂತೆ, ಸುಮಾರು 4200 ಕಿಲೋಮೀಟರ್ ದೂರದ ಮಕ್ಕಾ ಮೊರಪ್ಪೂರಿನಿಂದ ನೇರ ಪಡುವಣಕ್ಕಲ್ಲ, ಅಲ್ಲಿಂದ ಸುಮಾರು 20 ಡಿಗ್ರಿ ಬಡಗಲಿಗೆ. ಹಾಗೆಂದು ಹಳೆಯ ಮಿಹ್ರಾಬುಗಳಲ್ಲಿ ಮಾಡಿದ ನಮಾಜು ಸಲ್ಲದು ಎಂದು ಯಾವ ಶಾಸ್ತ್ರಜ್ಞರೂ ಹೇಳುವುದಿಲ್ಲ. ದೂರದವರಿಗೆ ಆ ಕಡೆಯ ದಿಕ್ಕು ಸಿಕ್ಕರೆ ಸಾಕು ಎಂಬುದು ಬಹುಪಾಲು ಫಿಖ್ಹಿನ, ಅಂದರೆ ಧರ್ಮಶಾಸ್ತ್ರದ, ಮಾತು. ಕರಾರುವಾಕ್ಕಾಗಿ ತಿಳಿಯಬೇಕೆನ್ನುವವರಿಗೆ ಆ್ಯಪೂ ಬೇಡ, ದಿಕ್ಸೂಚಿಯೂ ಬೇಡ. ವರ್ಷಕ್ಕೆರಡು ಸಲ ಸೂರ್ಯ ಕಾಬಾದ ನೇರ ನೆತ್ತಿಯ ಮೇಲೆ ಬರುತ್ತಾನೆ: ಮೇ 27 ಅಥವಾ 28ರಂದು ನಮ್ಮ ಮಧ್ಯಾಹ್ನ 2:48ಕ್ಕೆ, ಜುಲೈ 15 ಅಥವಾ 16ರಂದು 2:57ಕ್ಕೆ. ಆ ನಿಮಿಷಕ್ಕೆ ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ಗೆರೆ ಎಳೆದರೆ ಅದೇ ಕಿಬ್ಲಾ. ಮುಸಲ್ಮಾನರಲ್ಲದವರೂ ಎಳೆದು ನೋಡಬಹುದು. ಭೂಮಿ ದುಂಡಗಿದೆ ಎಂಬುದಕ್ಕೆ ಇಷ್ಟು ಅಗ್ಗದ ಪ್ರಯೋಗ ಬೇರೆ ಸಿಗುವುದು ಕಷ್ಟ.